ಶಾಂತಮಲ್ಲಪ್ಪನ ಬೆನ್ನ ಹಿಂದಿನ ಕಪಾಟು

ಶಾಂತಮಲ್ಲಪ್ಪ ಈಗ ಯಾರು ಏನು ಕೇಳಿದರೂ ಉತ್ತರ ಹೇಳುವುದಿಲ್ಲ. ಗಂಟೆ ಎಷ್ಟಾಯಿತು ಎಂದರೆ ಗೋಡೆಯ ಗಡಿಯಾರದ ಕಡೆ ಕೈ ತೋರಿಸುತ್ತಾನೆ. ಆಲೂರಿನ ಬಸ್ಸು ಹೋಯಿತೇ ಎಂದು ಕೇಳಿದವರಿಗೆ ರಸ್ತೆಗೆ ಹೋಗಿ ನೋಡಿ ಎನ್ನುತ್ತಾನೆ. ಹೊಸಬರು ಅವನನ್ನು ಮುಂಗೋಪಿ ಅಂದುಕೊಳ್ಳುತ್ತಾರೆ. ಮೂವತ್ತು ವರ್ಷ ಈ ಮನುಷ್ಯ ಉತ್ತರ ಹೇಳುವುದಕ್ಕೇ ಬದುಕಿದ್ದ ಎಂದರೆ ಅವರು ನಂಬುವುದಿಲ್ಲ. ನಂಬಿಸುವ ಉಸಾಬರಿ ನನಗೂ ಬೇಡ. ಆದರೆ ಅವನ ಬಗ್ಗೆ ಊರಲ್ಲಿ ಅರ್ಧಂಬರ್ಧ ಮಾತಾಡುವವರು ಹೆಚ್ಚಾಗಿದ್ದಾರೆ. ಅದರಲ್ಲಿ ನನ್ನ ಪಾಲಿನ ಮಾತನ್ನು ಯಾರೂ ಆಡುತ್ತಿಲ್ಲ, ಯಾಕೆಂದರೆ ಅದು ಯಾರಿಗೂ ಗೊತ್ತಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಆಂಥೋನಿ. ಅಜ್ಜನ ಕಾಲಕ್ಕೆ ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಬಂದವರು ನಾವು. ಮೂವತ್ತಾರು ವರ್ಷ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕಥೆ ಬರೆಯುವವನಲ್ಲ, ಲೈನು ಮನೆಗಳ ಕೂಲಿಯಾಳುಗಳ ಹಾಜರಿ ಬರೆಯುವವನು. ಬೆಳಿಗ್ಗೆ ಐದು ನಿಮಿಷ ತಡವಾಗಿ ಬಂದವರಿಗೆ ಮಣಿಕಟ್ಟಿನ ವಾಚು ತೋರಿಸಿ ಬೈಯುವವನು. ಕೆಲಸ ಬಿಟ್ಟರೂ ವಾಚು ಕೈಯಿಂದ ಇಳಿಯಲಿಲ್ಲ, ಬೈಯುವ ಚಟವೂ ಇಳಿಯಲಿಲ್ಲ. ಊರಿನ ಹೆಸರು ಇಲ್ಲಿ ಬೇಡ. ಕುಂದೂರಿಗೂ ಆಲೂರಿಗೂ ನಡುವೆ ಹಾಲಿನ ಡೇರಿ, ಎರಡು ಅಂಗಡಿ, ಒಂದು ಲೈಬ್ರರಿ ಇರುವ ಊರುಗಳು ಇರುತ್ತವೆ. ಅಂಥದ್ದೊಂದು ಅಂದುಕೊಳ್ಳಿ.

ಲೈಬ್ರರಿ ಎಂದರೆ ದೊಡ್ಡದಾಗಿ ಊಹಿಸಿಕೊಳ್ಳಬೇಕಾಗಿಲ್ಲ. ಮೊದಲು ದನದ ಔಷಧಿ ಇಡುತ್ತಿದ್ದ ಒಂದು ಕೋಣೆ. ಮಳೆಗಾಲದಲ್ಲಿ ಇವತ್ತಿಗೂ ಗೋಡೆಯಿಂದ ಫಿನಾಯಿಲ್ ವಾಸನೆ ಬರುತ್ತದೆ. ಒಂದು ಉದ್ದ ಮೇಜು, ಎಂಟು ಕುರ್ಚಿ, ಗೋಡೆಗಂಟಿದ ಕಬ್ಬಿಣದ ಕಪಾಟುಗಳು. ಶಾಂತಮಲ್ಲಪ್ಪನ ಕುರ್ಚಿಯ ಬೆನ್ನಿಗೆ ಮಾತ್ರ ಒಂದು ಸಣ್ಣ ಮರದ ಕಪಾಟು ಇತ್ತು. ಅದರಲ್ಲಿ ಇಪ್ಪತ್ತೆರಡು ಪುಸ್ತಕ. ನಿಘಂಟು, ಅಟ್ಲಾಸು, ಪಿನ್‌ಕೋಡಿನ ಪುಸ್ತಕ, ಜಿಲ್ಲೆಯ ಗೆಜೆಟಿಯರ್, ಹೊಲ ಅಳತೆಯ ಕೋಷ್ಟಕ, ಹಳೆಯ ಪಂಚಾಂಗಗಳನ್ನು ಸೇರಿಸಿ ಹೊಲಿದ ಒಂದು ದಪ್ಪ ಕಟ್ಟು, ದನಕರುಗಳ ರೋಗದ ಕೈಪಿಡಿ, ಹಸಿರು ರಟ್ಟಿನ ಒಂದು ಪ್ರಥಮ ಚಿಕಿತ್ಸೆಯ ಪುಸ್ತಕ. ಮನೆಗೆ ಒಯ್ಯಲು ಇವನ್ನು ಯಾರಿಗೂ ಕೊಡುತ್ತಿರಲಿಲ್ಲ. ಕೂತಲ್ಲಿಂದ ಏಳದೆ, ತಿರುಗಿಯೂ ನೋಡದೆ, ಕೈ ಹಿಂದೆ ಚಾಚಿ ಬೇಕಾದ ಪುಸ್ತಕವನ್ನು ಎಳೆಯುತ್ತಿದ್ದ. ಒಂದೊಂದರಲ್ಲೂ ಹತ್ತಾರು ಕಡೆ ಕಾಗದದ ಪಟ್ಟಿ ಸಿಕ್ಕಿಸಿದ್ದ. ಎಲ್ಲಿ ಏನಿದೆ ಎಂಬುದು ಅವನ ಬೆರಳಿಗೇ ಗೊತ್ತಿತ್ತು.

ಅವನ ಅಪ್ಪ ಶಿವಯ್ಯ ಸರ್ವೆ ಇಲಾಖೆಯಲ್ಲಿ ಸರಪಳಿ ಹಿಡಿಯುವ ಕೆಲಸದಲ್ಲಿದ್ದವರು. ಒಂದು ಅಡಿ ಹೆಚ್ಚುಕಮ್ಮಿಯಾದರೆ ಅಣ್ಣತಮ್ಮಂದಿರು ಕತ್ತಿ ಹಿಡಿಯುತ್ತಾರೆ ಎಂದು ಕಂಡಿದ್ದ ಮನುಷ್ಯ. ಆ ಅಳತೆಯ ಹುಚ್ಚು ಮಗನಿಗೆ ಬಂತು. ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದು, ಸಣ್ಣ ಸಂಬಳಕ್ಕೆ ಲೈಬ್ರರಿಗೆ ಸೇರಿದಾಗ ಅವನಿಗೆ ಮೂವತ್ತೂ ಆಗಿರಲಿಲ್ಲ. ಸೇರಿದ ನಾಲ್ಕನೆಯ ವರ್ಷ ಒಂದು ಘಟನೆ ನಡೆಯಿತು. ನರ್ಸಿಂಗ್ ಓದಬೇಕೆಂದಿದ್ದ ಒಬ್ಬ ಹುಡುಗಿಯ ತಂದೆ ಬಂದು ಅರ್ಜಿ ಹಾಕಲು ಕೊನೆಯ ದಿನ ಯಾವುದು ಎಂದು ಕೇಳಿದರು. ಬೆಳಿಗ್ಗೆ ತಾನೇ ಪೇಪರಿನಲ್ಲಿ ಓದಿದ್ದ ಶಾಂತಮಲ್ಲಪ್ಪ ನೆನಪಿನ ಮೇಲೆ ಶನಿವಾರ ಎಂದ. ಅದು ಶುಕ್ರವಾರ ಆಗಿತ್ತು. ಆ ಹುಡುಗಿ ನರ್ಸ್ ಆಗಲಿಲ್ಲ. ಆ ತಂದೆ ಬಂದು ಜಗಳವನ್ನೂ ಆಡಲಿಲ್ಲ, ಲೈಬ್ರರಿಗೆ ಬರುವುದನ್ನು ನಿಲ್ಲಿಸಿದರು, ಅಷ್ಟೆ.

ಅವತ್ತಿನಿಂದ ಅವನು ನೆನಪಿನಿಂದ ಏನನ್ನೂ ಹೇಳುವುದನ್ನು ಬಿಟ್ಟ. ಒಂದು ಗುಂಟೆಗೆ ಎಷ್ಟು ಚದರಡಿ ಎಂದು ಕೇಳಿದರೆ ಸಾವಿರದ ಎಂಬತ್ತೊಂಬತ್ತು ಎಂದು ಈ ಸೀಮೆಯಲ್ಲಿ ನಿದ್ದೆಯಲ್ಲೂ ಹೇಳುತ್ತಾರೆ. ಇವನು ಪುಸ್ತಕ ತೆಗೆದು, ಪುಟ ತೋರಿಸಿ, ಕೇಳಿದವರ ಕೈಯಲ್ಲೇ ಓದಿಸುತ್ತಿದ್ದ. ಮೇಲೆ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದ: ದಿನಾಂಕ, ಪ್ರಶ್ನೆ, ಉತ್ತರ, ಪುಸ್ತಕ, ಪುಟ. ಊರವರು ಅದಕ್ಕೆ ಪ್ರಶ್ನೆ ಪುಸ್ತಕ ಎಂದರು. ಆನೆ ಎಷ್ಟು ತಿಂಗಳಿಗೆ ಮರಿ ಹಾಕುತ್ತದೆ, ಸತ್ತವರ ಹೆಸರನ್ನು ರೇಷನ್ ಕಾರ್ಡಿನಿಂದ ತೆಗೆಸಲು ಯಾವ ಫಾರಂ, ಕಾರವಾರದ ಪಿನ್‌ಕೋಡ್ ಏನು. ಎಲ್ಲಕ್ಕೂ ಅದರಲ್ಲಿ ಒಂದು ಸಾಲು ಇತ್ತು. ಅವನಿಗೆ ಸಾಲದ್ದು ಒಂದೇ, ಪ್ರಶ್ನೆ. ಯಾರಾದರೂ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡರೆ ಸಾಕು, ಇವನ ಕೈ ಆಗಲೇ ಹಿಂದಕ್ಕೆ ಹೋಗಿರುತ್ತಿತ್ತು.

ನಾನು ನಿವೃತ್ತನಾಗಿ ದಿನಾ ಪೇಪರ್ ಓದಲು ಹೋಗತೊಡಗಿದಾಗ ಅವನನ್ನು ಕೆಣಕದೆ ಇರಲು ಆಗಲಿಲ್ಲ. ನನ್ನ ಮದುವೆ ಈಸ್ಟರಿನ ಮಾರನೇ ದಿನ ಆಗಿದ್ದು. ತಾರೀಕು ಇಪ್ಪತ್ತು ಎಂದು ಹೆಂಡತಿ ಮೊಡೆಸ್ಟಾ, ಇಪ್ಪತ್ತೊಂದು ಎಂದು ನಾನು, ಮೂವತ್ತು ವರ್ಷದಿಂದ ಕಿತ್ತಾಡುತ್ತಿದ್ದೆವು. ೧೯೮೭ರ ಈಸ್ಟರ್ ಯಾವತ್ತು, ಒಂದು ನಿಮಿಷದೊಳಗೆ ಹೇಳಿದರೆ ಟೀ ಕುಡಿಸುತ್ತೇನೆ ಎಂದೆ. ಪಂಚಾಂಗದ ಕಟ್ಟು ಎಳೆದ, ಗುಡ್ ಫ್ರೈಡೆ ಹುಡುಕಿದ, ಎರಡು ದಿನ ಕೂಡಿಸಿ ಏಪ್ರಿಲ್ ಹತ್ತೊಂಬತ್ತು ಎಂದ. ಐವತ್ತೊಂದು ಸೆಕೆಂಡು. ಮೊಡೆಸ್ಟಾ ಗೆದ್ದಳು. ನಾನು ಟೀ ತರಿಸಿದೆ.

ಹಾಗೆ ಶುರುವಾಯಿತು ಆ ಆಟ. ಯಾರೇ ಪ್ರಶ್ನೆ ತಂದರೂ ನಾನು ವಾಚು ನೋಡುತ್ತಿದ್ದೆ. ಒಂದು ನಿಮಿಷದೊಳಗೆ ಉತ್ತರ ಸಿಕ್ಕರೆ ಟೀ ಖರ್ಚು ನನ್ನದು, ದಾಟಿದರೆ ಅವನದು. ಪ್ರಶ್ನೆ ಪುಸ್ತಕದಲ್ಲಿ ಪುಟದ ಕಾಲಮ್ಮಿನ ಪಕ್ಕ ನಾನೇ ಇನ್ನೊಂದು ಗೆರೆ ಎಳೆದು ಸೆಕೆಂಡು ಬರೆಯತೊಡಗಿದೆ. ಮೊದಲು ಬೇಡ ಎಂದ. ಆಮೇಲೆ ಅವನಿಗೇ ರುಚಿ ಹತ್ತಿತು. ಪಟ್ಟಿಗಳನ್ನು ಹೊಸದಾಗಿ ಸಿಕ್ಕಿಸಿದ, ಪುಸ್ತಕಗಳ ಜಾಗ ಬದಲಾಯಿಸಿದ, ಮೂವತ್ತರ ಕೆಳಗೆ ಬಂದ ದಿನ ಮಗುವಿನ ಹಾಗೆ ನಕ್ಕ. ಅಷ್ಟು ವರ್ಷದಲ್ಲಿ ಅವನು ಟೀ ಕುಡಿಸಿದ್ದು ನಾಲ್ಕೋ ಐದೋ ಸಲ.

ಆ ಕಪಾಟಿನ ಪುಸ್ತಕಗಳು ಹಳೆಯವು ಎಂಬುದು ಇಬ್ಬರಿಗೂ ಗೊತ್ತಿತ್ತು. ಹಸಿರು ರಟ್ಟಿನದ್ದಂತೂ ನಾವಿಬ್ಬರೂ ಚಡ್ಡಿ ಹಾಕುತ್ತಿದ್ದ ಕಾಲದ್ದು. ಆದರೆ ಲೈಬ್ರರಿಯ ಪುಸ್ತಕವನ್ನು ಹಾಗೆಲ್ಲ ಎಸೆಯುವಂತಿಲ್ಲ. ಪಟ್ಟಿ ಮಾಡಿ ಮೇಲಿನವರಿಗೆ ಕಳಿಸಿ ಒಪ್ಪಿಗೆ ಬರಬೇಕು. ಮೂರು ಸಲ ಕಳಿಸಿದ್ದ, ಒಪ್ಪಿಗೆ ಇವತ್ತಿಗೂ ಬಂದಿಲ್ಲ. ಹೊಸ ಪುಸ್ತಕ ಬಂದರೂ ಹಾಗೆಯೇ. ನಂಬರು ಬರೆದು ಮೊಹರು ಒತ್ತುವ ತನಕ ಅದು ಲೈಬ್ರರಿಯ ಪುಸ್ತಕವಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೊಹರಿಲ್ಲದ ಮೂರು ಪುಸ್ತಕ ಹೊರಗಿಟ್ಟು, ಅದರಲ್ಲಿ ಒಂದು ಕಳೆದು, ನೋಟಿಸು ತಿಂದು ಆರು ತಿಂಗಳು ಹಾಸನಕ್ಕೆ ಅಲೆದಿದ್ದ. ಆಮೇಲೆ ಆ ತಪ್ಪು ಮಾಡಲಿಲ್ಲ. ನಾನು ಹೇಳುತ್ತಿರುವ ವರ್ಷ ಆಗಸ್ಟಿನಲ್ಲಿ ಹೊಸ ಪುಸ್ತಕಗಳ ಒಂದು ಕಟ್ಟು ಬಂತು. ಮೊಹರಿನ ರಬ್ಬರು ಹರಿದುಹೋಗಿತ್ತು. ಹೊಸದಕ್ಕೆ ಬರೆದ. ಕಟ್ಟನ್ನು ಬಿಚ್ಚಿ, ಪಟ್ಟಿಯ ಜೊತೆ ತಾಳೆ ನೋಡಿ, ಮತ್ತೆ ಸುತಳಿ ಬಿಗಿದು ಮೇಜಿನ ಕೆಳಗೆ ಇಟ್ಟ. ಅಲ್ಲೇ ಇತ್ತು ಅದು, ಕಾಲಿಗೆ ಸಿಗುವ ಹಾಗೆ.

ಅಷ್ಟು ಹೊತ್ತಿಗೆ ಪ್ರಶ್ನೆಗಳೂ ಒಣಗಿದ್ದವು. ಎಲ್ಲರ ಕೈಯಲ್ಲೂ ಮೊಬೈಲು. ಒಮ್ಮೆ ಕಾಲೇಜಿನ ಹುಡುಗಿಯೊಬ್ಬಳು ಏನೋ ಕೇಳಿ, ಇವನು ಪುಟ ತಿರುಗಿಸುವಷ್ಟರಲ್ಲಿ ತನ್ನ ಫೋನಿನಲ್ಲೇ ಓದಿ ಥ್ಯಾಂಕ್ಸ್ ಹೇಳಿ ಹೋದಳು. ಪುಸ್ತಕವನ್ನು ಹಾಗೇ ತೊಡೆಯ ಮೇಲೆ ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದ. ವಾರಕ್ಕೆ ಒಂದು ಸಾಲು ತುಂಬಿದರೆ ಹೆಚ್ಚು ಎನ್ನುವ ಹಾಗಾಯಿತು. ನಾನು ಕೆಣಕುವುದನ್ನೂ ಕಡಿಮೆ ಮಾಡಿದೆ, ಪಾಪ ಅನ್ನಿಸಿ.

ದಸರೆಗೆ ಮುಂಚಿನ ಶುಕ್ರವಾರ ಎಲ್ಲೋ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ನಮ್ಮ ಸುತ್ತಿನ ಫೋನೆಲ್ಲ ಸತ್ತವು. ಶನಿವಾರವೂ ಇಲ್ಲ. ಜನಕ್ಕೆ ಲೈಬ್ರರಿಯ ನೆನಪಾಯಿತು. ಶನಿವಾರ ಒಂದೇ ದಿನ ಒಂಬತ್ತು ಪ್ರಶ್ನೆ ಬಂದವು. ಲೈಬ್ರರಿಗೆ ಭಾನುವಾರ ರಜೆ ಇಲ್ಲ. ಆ ಭಾನುವಾರ ಆಲೂರಿನ ಚರ್ಚಿನಲ್ಲಿ ಪೂಜೆ ಮುಗಿಸಿಕೊಂಡು ನಾನು ಬಂದಾಗ ಶಾಂತಮಲ್ಲಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿ ಕೂತಿದ್ದ. ಇವತ್ತು ಹತ್ತು ದಾಟುತ್ತದೆ ನೋಡು, ವಾಚಿಗೆ ಕೀ ಕೊಟ್ಟಿದ್ದೀಯಾ ಎಂದು ಅವನೇ ನನ್ನನ್ನು ಕೆಣಕಿದ. ಅವನನ್ನು ಅಷ್ಟು ಸಂತೋಷದಲ್ಲಿ ನೋಡಿದ್ದು ಅದೇ ಕೊನೆ.

ಹನ್ನೊಂದರ ಸುಮಾರಿಗೆ ಶೀಲಾ ಓಡಿ ಬಂದಳು. ನಮ್ಮೂರಿನ ಧರ್ಮನ ಹೆಂಡತಿ. ಧರ್ಮ ಸ್ವಂತದ್ದೊಂದು ಕಳೆ ಕತ್ತರಿಸುವ ಮೆಷಿನ್ ಇಟ್ಟುಕೊಂಡು ಅವರಿವರ ತೋಟದಲ್ಲಿ ಕಳೆ ಹೊಡೆಯುತ್ತಿದ್ದ, ಇವಳು ಹಿಂದೆ ಕಸ ಎಳೆಯುತ್ತಿದ್ದಳು. ಮೆಷಿನ್ನಿಗೆ ಹಾಕುವ ಪೆಟ್ರೋಲಿಗೆ ಎಣ್ಣೆ ಬೆರೆಸಿ ನೀರಿನ ಬಾಟಲಿಯಲ್ಲೇ ಒಯ್ಯುವುದು ಇಲ್ಲಿ ಎಲ್ಲರ ರೂಢಿ. ಕುಡಿಯುವ ನೀರಿಗೂ ಅದೇ ಬಾಟಲಿ. ಬಿಸಿಲಿಗೆ ಬಾಯಾರಿ, ತೋಟದ ನೆರಳಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿ ಎರಡು ಗುಟುಕು ಇಳಿಸಿಬಿಟ್ಟಿದ್ದ.

"ಅಣ್ಣ, ನಮ್ಮೆಜಮಾನ್ರು ನೀರು ಅಂದ್ಕಂಡು ಪೆಟ್ರೋಲ್ ಕುಡ್ದ್‌ಬುಟ್ಟವ್ರೆ," ಎಂದಳು. "ಯಾರ್ಗೂ ಫೋನ್ ಹೋಗ್ತಿಲ್ಲ. ಏನ್ ಮಾಡ್ಬೇಕು, ಬುಕ್ಕಲ್ಲಿ ನೋಡಿ ಹೇಳಿ."

ಅವಳ ಮಾತು ಮುಗಿಯುವ ಮೊದಲೇ ಶಾಂತಮಲ್ಲಪ್ಪನ ಕೈ ಹಿಂದೆ ಹೋಗಿತ್ತು. ನನ್ನ ಕಣ್ಣು ವಾಚಿಗೆ ಹೋಗಿತ್ತು. ಬೇಕೆಂದು ನೋಡಲಿಲ್ಲ, ಅಭ್ಯಾಸಬಲ. ಹಸಿರು ರಟ್ಟು, ಪಟ್ಟಿ ಸಿಕ್ಕಿಸಿದ ಜಾಗ, ನೂರಾ ಹದಿನೆಂಟನೆಯ ಪುಟ. ಅವನು ಗಟ್ಟಿಯಾಗಿ ಓದಿದ: ವಿಷಪದಾರ್ಥ ಸೇವಿಸಿದವನಿಗೆ ಬೆಚ್ಚನೆಯ ನೀರಿಗೆ ಉಪ್ಪು ಕಲಸಿ ಕುಡಿಸಿ, ಎಲ್ಲವೂ ಹೊರಬರುವ ತನಕ ವಾಂತಿ ಮಾಡಿಸತಕ್ಕದ್ದು. ಓದಿ, ಪುಸ್ತಕ ತಿರುಗಿಸಿ ಅವಳಿಗೂ ತೋರಿಸಿದ. ಶೀಲಾ ಏಳನೇ ಕ್ಲಾಸು ಓದಿದವಳು. ಬೆರಳಿಟ್ಟು ಓದಿಕೊಂಡು ತಲೆಯಾಡಿಸಿದಳು. ತಿರುಗುವ ಅವಸರದಲ್ಲಿ ಮೇಜಿನ ಕೆಳಗಿದ್ದ ಕಟ್ಟಿಗೆ ಅವಳ ಕಾಲು ತಾಗಿತು. ಪುಸ್ತಕ ಎಂದು ಗೊತ್ತಾದದ್ದೇ ಬಗ್ಗಿ ಮುಟ್ಟಿ, ಕಣ್ಣಿಗೆ ಒತ್ತಿಕೊಂಡು, ಓಡಿದಳು.

ಅವನು ಪ್ರಶ್ನೆ ಪುಸ್ತಕ ತೆಗೆದು ಸಾಲು ಬರೆದ. ನಾನು ನನ್ನ ಕಾಲಮ್ಮಿನಲ್ಲಿ ನಲವತ್ತೆರಡು ಎಂದು ಬರೆದೆ. ಟೀ ನನ್ನದೇ ಎಂದೆ. ಹೌದು, ಆ ಮಾತನ್ನೂ ಆಡಿದೆ.

ಆಮೇಲೆ ನಾನು ಗಾಡಿ ಹುಡುಕಲು ಹೋದೆ. ಪಿಕಪ್ ಇದ್ದದ್ದು ಮಂಜುನಾಥನದ್ದೊಂದೇ, ಅದು ಆನೇಮಹಲ್‌ಗೆ ಮೂಟೆ ಇಳಿಸಲು ಹೋಗಿತ್ತು. ಬರುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಅಲ್ಲಿಯವರೆಗೆ ಧರ್ಮ ಮನೆಯ ಜಗಲಿಯ ಮೇಲೆ ಕೂತು ಚೊಂಬು ಚೊಂಬು ಉಪ್ಪುನೀರು ಕುಡಿದು ಕಾರುತ್ತಿದ್ದ. ನಡುನಡುವೆ ನಗುತ್ತಲೂ ಇದ್ದ. "ರೈಟ್ರೇ, ಮಿಷನ್ನಿಗೆ ಹಾಕೋದ ನನ್ಗೇ ಹಾಕ್ಬುಟ್ನಲ್ಲ ಮಾರಾಯ," ಎಂದ. ಆಮೇಲೆ ಕೆಮ್ಮು ಹಿಡಿಯಿತು. ಗಾಡಿ ಹತ್ತುವಾಗಲೂ ತಾನೇ ಹತ್ತಿದ, ಯಾರೂ ಎತ್ತಲಿಲ್ಲ. ಫೋನಿಲ್ಲದ ಹೊತ್ತಿನಲ್ಲಿ ಲೈಬ್ರರಿಯವರು ಇದ್ದದ್ದು ಪುಣ್ಯ ಎಂದು ಅಂಗಡಿಯ ಮುಂದೆ ಜನ ಹೇಳಿದ್ದನ್ನು ನಾನೇ ಹೋಗಿ ಶಾಂತಮಲ್ಲಪ್ಪನಿಗೆ ಮುಟ್ಟಿಸಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ.

ಮೂರನೆಯ ದಿನಕ್ಕೆ ಧರ್ಮನಿಗೆ ಉಸಿರು ಕಟ್ಟತೊಡಗಿ ಆಲೂರಿನ ಆಸ್ಪತ್ರೆಯಿಂದ ಹಾಸನಕ್ಕೆ ಒಯ್ದರು. ಒಂಬತ್ತನೆಯ ದಿನ ಸತ್ತ. ಅವನಿಗೆ ಮೂವತ್ತೆಂಟು. ಹೆಣ ತಂದ ಮಂಜುನಾಥನೇ ಡಾಕ್ಟರು ಹೇಳಿದ್ದನ್ನೂ ತಂದ. ಪೆಟ್ರೋಲು ಹೊಟ್ಟೆಯಲ್ಲಿ ಇದ್ದಿದ್ದರೆ ಬಹುಶಃ ಬದುಕುತ್ತಿದ್ದ. ಕಾರುವಾಗ ಅದು ಶ್ವಾಸಕೋಶಕ್ಕೆ ಹೊಕ್ಕು ಎದೆಯನ್ನು ಸುಟ್ಟುಹಾಕಿದೆ. ವಾಂತಿ ಮಾಡಿಸಬಾರದಿತ್ತು.

ಅವತ್ತು ಸಾಯಂಕಾಲ ಶಾಂತಮಲ್ಲಪ್ಪ ಮೇಜಿನ ಕೆಳಗಿನ ಕಟ್ಟಿನ ಸುತಳಿ ಬಿಚ್ಚಿದ. ಪಟ್ಟಿ ತಾಳೆ ನೋಡುವಾಗ ಒಂದು ಹೆಸರು ಕಣ್ಣಿಗೆ ಬಿದ್ದದ್ದು ಅವನಿಗೆ ನೆನಪಿತ್ತು. ಮರುದಿನ ನಾನು ಹೋದಾಗ ಒಂದು ಹೊಸ ಪುಸ್ತಕವನ್ನು ನನ್ನ ಮುಂದೆ ತೆರೆದಿಟ್ಟ. ಇನ್ನೂ ಅಂಟಿನ ವಾಸನೆ ಹೋಗಿರದ ಪುಸ್ತಕ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆ ಕುಡಿದವರಿಗೆ ಯಾವ ಕಾರಣಕ್ಕೂ ವಾಂತಿ ಮಾಡಿಸಬಾರದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು ಎಂದು ದಪ್ಪ ಅಕ್ಷರದಲ್ಲಿ, ಸುತ್ತ ಚೌಕಟ್ಟು ಹಾಕಿ ಅಚ್ಚು ಮಾಡಿತ್ತು. ನಾನು ಎರಡು ಸಲ ಓದಿದೆ.

ಶೀಲಾಗೆ ಹೇಳಬೇಕು ಎಂದ. ಪ್ರಶ್ನೆ ಕೇಳಿದ್ದಾಳೆ, ಕೊಟ್ಟ ಉತ್ತರ ತಪ್ಪು, ಸರಿಯಾದದ್ದನ್ನು ಕೇಳಿದವರಿಗೆ ಮುಟ್ಟಿಸಬೇಕು, ಈ ಕೆಲಸಕ್ಕೆ ಇರುವುದೇ ಇದೊಂದು ಕಾನೂನು ಎಂದ. ನಾನು ರೇಗಿದೆ. ನಿನ್ನ ಕಾನೂನಿಗೆ ಬೆಂಕಿ ಹಾಕು, ಚೊಂಬು ಹಿಡಿದು ಕುಡಿಸಿದ್ದು ಅವಳ ಕೈ, ನನ್ನ ಕೈಯಾರೆ ಕೊಂದೆ ಎಂದು ಅವಳು ಬಾವಿಗೆ ಹಾರಿದರೆ ಅದನ್ನೂ ನಿನ್ನ ಬುಕ್ಕಿನಲ್ಲಿ ಬರೆಯುತ್ತೀಯಾ ಎಂದೆ. ನಿವೃತ್ತಿಗೆ ಒಂದು ವರ್ಷ ಇದೆ, ಬಾಯಿ ಮುಚ್ಚಿಕೊಂಡಿರು ಎಂದೆ. ಶೀಲಾಳ ಮೇಲಿನ ಕರುಣೆಯಿಂದಲೇ ಆ ಮಾತಾಡಿದೆ ಎಂದು ನನಗೆ ಆಗ ಅನ್ನಿಸಿತ್ತು. ಈಗ ಅಷ್ಟು ನಂಬಿಕೆ ಇಲ್ಲ. ಅವಳಿಗೆ ಹೇಳಿದರೆ ಪ್ರಶ್ನೆ ಪುಸ್ತಕ ತೆರೆಯಬೇಕಾಗುತ್ತದೆ, ತೆರೆದರೆ ಆ ಸಾಲಿನಲ್ಲಿ ನನ್ನ ಅಕ್ಷರವೂ ಇತ್ತು.

ಮನೆಯಲ್ಲಿ ಮೊಡೆಸ್ಟಾಗೆ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಪಾದ್ರಿಗಳ ಮುಂದೆ ಹೇಳಬೇಕಾದ್ದನ್ನು ನನಗೆ ಯಾಕೆ ಹೇಳುತ್ತೀರಿ ಎಂದಷ್ಟೇ ಅಂದು ಒಳಗೆ ಹೋದಳು. ಆ ಶನಿವಾರ ಪಾಪನಿವೇದನೆಗೆ ಹೋದೆ. ಕೋಪ, ಸೋಮಾರಿತನ, ಅಕ್ಕಪಕ್ಕದವರ ಮೇಲೆ ಆಡಿದ ಮಾತು, ಎಲ್ಲ ಹೇಳಿದೆ. ಇದನ್ನು ಹೇಳಲಿಲ್ಲ.

ಶಾಂತಮಲ್ಲಪ್ಪ ಇಳಿದುಹೋದ. ಎರಡು ಸಲ ಶೀಲಾಳ ಮನೆಯ ಕಡೆ ಹೊರಟು ಡೇರಿಯ ತನಕ ಹೋಗಿ ವಾಪಸು ಬಂದ. ಯಾರಾದರೂ ಪ್ರಶ್ನೆ ಕೇಳಿದರೆ ಮೂರು ಪುಸ್ತಕ ತೆಗೆದು ಮೂರನ್ನೂ ನೋಡುತ್ತಿದ್ದ, ಆಮೇಲೂ ನಾಳೆ ಬನ್ನಿ ಎನ್ನುತ್ತಿದ್ದ. ನಾನು ವಾಚು ನೋಡುವುದನ್ನು ಬಿಟ್ಟೆ. ಟೀ ಇಬ್ಬರೂ ಕುಡಿಯುತ್ತಿದ್ದೆವು, ಯಾರ ಲೆಕ್ಕ ಎಂದು ಇಬ್ಬರೂ ಕೇಳುತ್ತಿರಲಿಲ್ಲ.

ಕಾಫಿ ಹಣ್ಣು ಕುಯ್ಯುವ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಶೀಲಾ ಬಾಗಿಲಲ್ಲಿ ನಿಂತಳು. ಬೆರಳುಗಳೆಲ್ಲ ಹಣ್ಣಿನ ಕರೆಯಿಂದ ಕಪ್ಪಾಗಿದ್ದವು. ಬಹಳ ಬಡವಾಗಿದ್ದಳು. ಕೂರು ಎಂದರೂ ಕೂರಲಿಲ್ಲ.

"ಅಣ್ಣ, ಒಂದ್ ಕೇಳ್ಬೇಕಿತ್ತು," ಎಂದಳು. "ಹಾಸನದಲ್ಲಿ ಡಾಕ್ಟ್ರು ಯಾರು ವಾಂತಿ ಮಾಡ್ಸಿದ್ದು ಅಂತ ಕೇಳುದ್ರು. ನಾನು ಅಂದೆ. ಅವ್ರು ನನ್ನ ಮಖ ನೋಡಿ, ಏನೂ ಅನ್ದೆ ಬರ್ಕಂಡು ಹೋಗ್ಬುಟ್ರು. ಊರ್ನೋರೂ ಏನೂ ಹೇಳಕಿಲ್ಲ, ಕೇಳುದ್ರೆ ಹಣೇಬರ ಅಂತಾರೆ. ನಾನು ಕುಡ್ಸಿದ್ದು ಸರಿನಾ ತಪ್ಪಾ? ಬುಕ್ ನೋಡಿ ಹೇಳಿ."

ಕೋಣೆಯಲ್ಲಿ ನಾವು ಮೂವರೇ ಇದ್ದೆವು. ನಾನು ಎದ್ದು ಹೋಗಿ, ಇಷ್ಟು ವರ್ಷದಲ್ಲಿ ಮೊದಲ ಸಲ, ಅವನ ಬೆನ್ನ ಹಿಂದಿನ ಕಪಾಟಿಗೆ ಕೈ ಹಾಕಿ ಹಸಿರು ಪುಸ್ತಕವನ್ನು ಎಳೆದು ಅವನ ಮುಂದೆ ಇಟ್ಟೆ. ನೂರಾ ಹದಿನೆಂಟನೆಯ ಪುಟ ಓದಿದ್ದರೆ ಸಾಕಿತ್ತು. ಸುಳ್ಳು ಹೇಳಿದ ಹಾಗೂ ಆಗುತ್ತಿರಲಿಲ್ಲ, ಅವಳು ಮನೆಗೆ ಹೋಗಿ ಮಲಗಬಹುದಿತ್ತು. ಅವನು ಅದನ್ನು ಬಿಡಿಸಲೇ ಇಲ್ಲ. ಪಕ್ಕಕ್ಕೆ ಸರಿಸಿ, ಡ್ರಾಯರಿನಿಂದ ಹೊಸ ಪುಸ್ತಕ ತೆಗೆದು, ಚೌಕಟ್ಟಿನ ಪುಟ ತೆರೆದು ಅವಳ ಕಡೆ ತಿರುಗಿಸಿದ.

ಅವಳು ಬೆರಳಿಟ್ಟು ಓದಿದಳು. ಒಂದೊಂದು ಅಕ್ಷರವನ್ನೂ ಓದಿದಳು. ಓದಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು.

"ಕುಡ್ಸಿದ್ದು ನೀನು," ಎಂದ ಶಾಂತಮಲ್ಲಪ್ಪ. ಅವನ ದನಿ ಬಹಳ ಸಣ್ಣಗಿತ್ತು. "ಕುಡ್ಸು ಅಂದಿದ್ದು ನಾನು. ತಪ್ಪು ನಂದು ಕಣವ್ವ. ಅವತ್ತು ಹಳೇ ಬುಕ್ ನೋಡಿ ಹೇಳ್ದೆ."

ಈ ಪುಸ್ತಕ ಯಾವಾಗ ಬಂತು ಎಂದು ಕೇಳಿದಳು. ಆಗಸ್ಟಿನಲ್ಲಿ ಎಂದ. ಅವತ್ತು ಇದು ಎಲ್ಲಿತ್ತು ಎಂದಳು. ಅವನು ಮೇಜಿನ ಕೆಳಗೆ ಕೈ ತೋರಿಸಿದ. ಉಳಿದ ಪುಸ್ತಕಗಳ ಕಟ್ಟು ಹಾಗೇ ಇತ್ತು, ಮೊಹರು ಇನ್ನೂ ಬಂದಿರಲಿಲ್ಲ. ಶೀಲಾ ಬಗ್ಗಿ ನೋಡಿದಳು.

"ಇದ್ಕೇ ಅಲ್ವಾ ನನ್ನ ಕಾಲು ತಾಗಿದ್ದು," ಎಂದಳು. "ಕಣ್ಣಿಗೊತ್ಕಂಡು ಹೋದೆ."

ಶಾಂತಮಲ್ಲಪ್ಪ ಮುಖ ಮುಚ್ಚಿಕೊಂಡ. ಅವನು ಅಳುವುದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ, ನೋಡಲು ನನಗೆ ಆಗಲೂ ಇಲ್ಲ. ಶೀಲಾ ಅಳಲಿಲ್ಲ, ಬೈಯಲೂ ಇಲ್ಲ. ಅವತ್ತು ಏನೋ ಬರೆದುಕೊಂಡಿರಲ್ಲ, ಅದನ್ನು ನೋಡಬೇಕು ಎಂದಳು. ಅವನು ಪ್ರಶ್ನೆ ಪುಸ್ತಕವನ್ನು ಅವಳ ಮುಂದೆ ತಳ್ಳಿದ. ಆ ಭಾನುವಾರದ ಸಾಲು ಹುಡುಕಲು ಅವಳಿಗೆ ಕಷ್ಟವಾಗಲಿಲ್ಲ, ಅದರ ಕೆಳಗೆ ಹೆಚ್ಚು ಸಾಲುಗಳಿರಲಿಲ್ಲ. ದಿನಾಂಕ ಓದಿದಳು. ತಾನು ಕೇಳಿದ್ದನ್ನು ಓದಿದಳು, ಉತ್ತರ ಓದಿದಳು, ಪುಟದ ನಂಬರು ಓದಿದಳು. ಕರೆ ಹಿಡಿದ ಬೆರಳು ಕೊನೆಯ ಕಾಲಮ್ಮಿನಲ್ಲಿ ನಿಂತಿತು.

"ಈ ನಲವತ್ತೆರಡು ಏನು?" ಎಂದಳು.

ಶಾಂತಮಲ್ಲಪ್ಪ ತಲೆ ಎತ್ತಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಅವನು ನನ್ನ ಹೆಸರು ಹೇಳುವವನಲ್ಲ ಎಂದು ನನಗೆ ಗೊತ್ತಿತ್ತು. ಅದು ಪುಸ್ತಕದ ನಂಬರು ಎಂದು ನಾನು ಹೇಳಬಹುದಿತ್ತು, ಅವಳು ನಂಬುತ್ತಿದ್ದಳು.

"ಹೊತ್ತು ಕಣವ್ವ," ಎಂದೆ. "ಉತ್ತರ ಹುಡುಕಕ್ಕೆ ಹಿಡ್ದ ಸೆಕೆಂಡು. ವಾಚು ನೋಡಿ ನಾನೇ ಬರ್ದಿದ್ದು. ಎಷ್ಟು ಬೇಗ ಹೇಳ್ತಾನೆ ಅಂತ ನಾವು ಪಂದ್ಯ ಕಟ್ತಿದ್ವಿ."

ಅವಳು ನನ್ನ ಮಣಿಕಟ್ಟನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳು ಎಂದು ನಾನು ಅಳೆಯಲಿಲ್ಲ.

"ಗಾಡಿ ಬರಕ್ಕೆ ಮುಕ್ಕಾಲು ಗಂಟೆ ಆಯ್ತು ಕಣಣ್ಣ," ಎಂದಳು. "ಇನ್ನೊಂದ್ ಬುಕ್ ನೋಡಿದ್ರೂ ನಾನು ಕಾಯ್ತಿದ್ದೆ."

ಪ್ರಶ್ನೆ ಪುಸ್ತಕವನ್ನು ಮುಚ್ಚಿ ಅವನ ಕಡೆ ಸರಿಸಿದಳು. ಹಣ್ಣು ಕುಯ್ಯಲು ಹೊತ್ತಾಯಿತು ಎಂದಳು. ಹೋಗುವಾಗ ಮೇಜಿನ ಕೆಳಗಿನ ಕಟ್ಟಿಗೆ ಕಾಲು ತಾಗದ ಹಾಗೆ, ಸೀರೆಯನ್ನು ಸ್ವಲ್ಪ ಎತ್ತಿ ಹಿಡಿದು, ಬಳಸಿಕೊಂಡು ಹೋದಳು.